ಶೇಕ್ಸ್‌ಪಿಯರ್ ಕಾಲದ ‘ಡೂ’: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹಲವು ಒಂದೇ ಕ್ರಿಯಾಪದದ ಬಗ್ಗೆ ಇದ್ದವು: ಇಂಗ್ಲಿಷಿನ ‘ಡೂ’. ಶಾಲೆಯಲ್ಲಿ ಇದನ್ನು ಕಲಿಸುವುದು ಪ್ರಶ್ನೆಗೆ ಮತ್ತು ನಿಷೇಧಕ್ಕೆ ಮಾತ್ರ. ಹಳೆಯ ನಾಟಕ, ಕವಿತೆ, ಬೈಬಲ್ ಕೈಗೆತ್ತಿಕೊಂಡ ಕೂಡಲೇ ಅದು ಇರಬೇಕಾದ ಕಡೆ ಕಾಣುವುದಿಲ್ಲ, ಬೇಡದ ಕಡೆ ಬಂದು ಕೂತಿರುತ್ತದೆ. ಅಂಥ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ‘ಜೂಲಿಯಸ್ ಸೀಸರ್’ ನಾಟಕದಲ್ಲಿ ಆಂಟನಿ ‘ಯೂ ಆಲ್ ಡಿಡ್ ಲವ್ ಹಿಮ್ ಒನ್ಸ್’ ಎನ್ನುತ್ತಾನೆ. ‘ಲವ್ಡ್’ ಎಂದಿದ್ದರೆ ಸಾಲದೆ? ಒತ್ತು ಕೊಡಲಿಕ್ಕೆ ‘ಡಿಡ್’ ಬಂದಿದೆ ಅಂತ ಗೈಡಿನಲ್ಲಿದೆ. ಪರೀಕ್ಷೆಯಲ್ಲಿ ಹಾಗೇ ಬರೆಯಬಹುದೇ?
— ಬಿ.ಎ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಬರೆಯದಿರುವುದು ಒಳ್ಳೆಯದು. ಇಂದಿನ ಇಂಗ್ಲಿಷಿನಲ್ಲಿ ‘ಐ ಡಿಡ್ ಲಾಕ್ ದ ಡೋರ್’ ಎಂದರೆ ‘ಬೀಗ ಹಾಕಿಯೇ ಹಾಕಿದ್ದೆ ಕಣ್ರೀ’ ಎಂಬ ಒತ್ತು ಬರುತ್ತದೆ, ನಿಜ. ಗೈಡು ಬರೆದವರು ಅದನ್ನೇ 1599ರ ಸುಮಾರಿನ ನಾಟಕಕ್ಕೆ ಅಂಟಿಸಿದ್ದಾರೆ. ಆಗ ‘ಲವ್ಡ್’, ‘ಡಿಡ್ ಲವ್’ ಎರಡೂ ಚಾಲ್ತಿಯಲ್ಲಿದ್ದವು, ಅರ್ಥದಲ್ಲಿ ವ್ಯತ್ಯಾಸವಿರಲೇಬೇಕು ಎಂದೇನೂ ಇರಲಿಲ್ಲ. ಕವಿ ತನಗೆ ಅನುಕೂಲವಾದುದನ್ನು ಎತ್ತಿಕೊಳ್ಳುತ್ತಿದ್ದ.

ಅನುಕೂಲ ಯಾವುದು ಎಂದು ಬೆರಳು ಮಡಚಿ ಎಣಿಸಿದರೇ ತಿಳಿಯುತ್ತದೆ. ಶೇಕ್ಸ್‌ಪಿಯರ್‌ನ ಪದ್ಯದ ಸಾಮಾನ್ಯ ಸಾಲಿನಲ್ಲಿ 10 ಸಿಲಬಲ್, ಅಂದರೆ ಒಂದೊಂದು ಸ್ವರದೊಡನೆ ಹೊರಡುವ ಉಚ್ಚಾರದ ತುಂಡುಗಳು. 2, 4, 6, 8, 10ನೆಯ ಜಾಗಗಳಲ್ಲಿ ಒತ್ತು, 1, 3, 5, 7, 9ರಲ್ಲಿ ಸಡಿಲ. ಈಗ ಸಾಲನ್ನು ಬಿಡಿಸಿ: ಯೂ (1) ಆಲ್ (2) ಡಿಡ್ (3) ಲವ್ (4) ಹಿಮ್ (5) ಒನ್ಸ್ (6), ನಾಟ್ (7) ವಿದ್ (8) ಔಟ್ (9) ಕಾಸ್ (10). ‘ಡಿಡ್’ ಬಿದ್ದಿರುವುದು 3ನೆಯ ಜಾಗದಲ್ಲಿ, ಅಂದರೆ ಒತ್ತಿಲ್ಲದ ಕಡೆ. ಒತ್ತು ಪಕ್ಕದ ‘ಲವ್’ ಮೇಲೆ. ‘ಡಿಡ್’ ತೆಗೆದು ‘ಲವ್ಡ್’ ಹಾಕಿದರೆ ಸಿಲಬಲ್ 9ಕ್ಕೆ ಇಳಿಯುತ್ತದೆ, ಸಾಲು ಕುಂಟುತ್ತದೆ. ಸಾಲು ತುಂಬಿಸಲು ಪದ ಸೇರಿಸುವುದನ್ನು ನಮ್ಮ ಛಂದಸ್ಸಿನವರು ಪಾದಪೂರಣ ಎನ್ನುತ್ತಾರಲ್ಲ, ಬಹುಮಟ್ಟಿಗೆ ಅದೇ ಕೆಲಸ ಇದು.

ಅದೇ ಭಾಷಣದ ಉಳಿದ ಸಾಲುಗಳಿಗೂ ಇದೇ ಪರೀಕ್ಷೆ ಮಾಡಿ. ‘ಯೂ ಆಲ್ ಡಿಡ್ ಸೀ ದಟ್ ಆನ್ ದ ಲೂಪರ್ಕಲ್’: ‘ಡಿಡ್’ ಮತ್ತೆ 3ರಲ್ಲಿ. ಸೀಸರ್ ಕಿರೀಟ ನಿರಾಕರಿಸಿದ್ದನ್ನು ಹೇಳುವ ‘ವಿಚ್ ಹೀ ಡಿಡ್ ಥ್ರೈಸ್ ರೆಫ್ಯೂಸ್’: ಮತ್ತೆ 3, ಒತ್ತು ‘ಥ್ರೈಸ್’ ಮೇಲೆ. ಆಂಟನಿಗೆ ಬೇಕಾಗಿದ್ದೂ ಅದೇ, ಮೂರು ಸಲ ಎಂಬ ಮಾತು ಜನರ ಕಿವಿಗೆ ಬಡಿಯಬೇಕು. ‘ಬಟ್ ಹಿಯರ್ ಐ ಆ್ಯಮ್ ಟು ಸ್ಪೀಕ್ ವಾಟ್ ಐ ಡೂ ನೋ’: ‘ಡೂ’ 9ರಲ್ಲಿ, ‘ನೋ’ 10ರಲ್ಲಿ. ‘ಡೂ’ ಇಲ್ಲದಿದ್ದರೆ ‘ನೋ’ ಎಂಬ ಮುಖ್ಯ ಪದ 9ಕ್ಕೆ ಜಾರಿ ಸಾಲು ಮುಗಿಯದೇ ನಿಲ್ಲುತ್ತಿತ್ತು.

ಒತ್ತಿನ ‘ಡೂ’ ಶೇಕ್ಸ್‌ಪಿಯರ್‌ನಲ್ಲಿ ಇಲ್ಲವೇ ಇಲ್ಲ ಎಂದಲ್ಲ. ‘ಹ್ಯಾಮ್ಲೆಟ್’ನಲ್ಲಿ ಪೊಲೋನಿಯಸ್‌ನನ್ನು ಕೊಂದ ಮೇಲೆ ರಾಜಕುಮಾರ ‘ಐ ಡೂ ರಿಪೆಂಟ್’ ಎಂದು ಸಾಲು ಶುರು ಮಾಡುತ್ತಾನೆ. ಇಲ್ಲಿ ‘ಡೂ’ 2ನೆಯ ಜಾಗದಲ್ಲಿದೆ, ಒತ್ತು ಬೀಳುವ ಕಡೆ. ಹಿಂದೆಯೇ ‘ಬಟ್’ ಎಂಬ ವಿರೋಧವೂ ಬರುತ್ತದೆ: ಪಶ್ಚಾತ್ತಾಪವೇನೋ ಇದೆ, ಆದರೆ ದೈವಚಿತ್ತ ಹೀಗಿತ್ತು. ಸಮ ಸಂಖ್ಯೆಯ ಜಾಗ, ಹತ್ತಿರದಲ್ಲೇ ಒಂದು ವಿರೋಧ ಅಥವಾ ನಿರಾಕರಣೆ, ಇವೆರಡೂ ಇದ್ದಾಗ ಒತ್ತು ಎಂದು ಧೈರ್ಯವಾಗಿ ಬರೆಯಿರಿ. ಒಂದೇ ಇದ್ದರೆ ‘ಒತ್ತು ಇರಬಹುದು’ ಎಂದಷ್ಟೇ ಹೇಳಿ.

ಎಣಿಕೆ ತಪ್ಪುವುದು ಸಾಮಾನ್ಯವಾಗಿ ಎರಡು ಕಡೆ. ‘ಹೆವನ್’, ‘ಪವರ್’ನಂಥ ಪದಗಳನ್ನು ಎಷ್ಟೋ ಸಲ ಒಂದೇ ಸಿಲಬಲ್ಲಾಗಿ ಓದಬೇಕು. ಕ್ರಿಯಾಪದದ ಕೊನೆಯ ‘-ಎಡ್’ ಅನ್ನು ಕೆಲವೊಮ್ಮೆ ಬಿಡಿಸಿ ಇನ್ನೊಂದು ಸಿಲಬಲ್ಲಾಗಿ ಓದಬೇಕು. ಹೀಗೆ ಓದಬೇಕಾದ ಕಡೆ ಒಳ್ಳೆಯ ಆವೃತ್ತಿಗಳು ‘ಇ’ (e) ಅಕ್ಷರದ ಮೇಲೆ ಗೆರೆ ಹಾಕಿರುತ್ತವೆ. ಸಾಲಿನ ಕೊನೆಗೆ ಒತ್ತಿಲ್ಲದ 11ನೆಯ ಸಿಲಬಲ್ ಬಂದರೆ ಗಾಬರಿ ಬೇಡ, ಅದು ರೂಢಿಯೇ.

ಇಷ್ಟಾದರೂ ಇದೆಲ್ಲ ಪದ್ಯದ ಹೊಟ್ಟೆ ತುಂಬಿಸಲು ಕವಿಗಳು ಹುಟ್ಟುಹಾಕಿದ ಪ್ರಯೋಗ ಎಂದುಕೊಳ್ಳಬೇಡಿ. ಗದ್ಯದಲ್ಲೂ ಇತ್ತು. ಲಂಡನ್ನಿನ ಸ್ಯಾಮ್ಯುಯಲ್ ಪೀಪ್ಸ್ 1660ರ ಸೆಪ್ಟೆಂಬರ್ 25ರ ದಿನಚರಿಯಲ್ಲಿ ತಾನು ಹಿಂದೆಂದೂ ಕುಡಿಯದ ಚಹಾ ತರಿಸಿದ್ದನ್ನು ಬರೆಯುವಾಗ ‘ಐ ಡಿಡ್ ಸೆಂಡ್ ಫಾರ್ ಎ ಕಪ್ ಆಫ್ ಟೀ’ ಎನ್ನುತ್ತಾನೆ. ದಿನಚರಿಯಲ್ಲಿ ಸಿಲಬಲ್ ಎಣಿಸುವ ಗೊಡವೆ ಇಲ್ಲ. ಚಹಾ ತರಿಸಿಲ್ಲ ಎಂದು ಅವನೊಡನೆ ಯಾರೂ ವಾದಿಸುತ್ತಲೂ ಇಲ್ಲ. ಅದು ಬರೀ ‘ತರಿಸಿದೆ’.

ಪರೀಕ್ಷೆಗೆ ಎರಡು ವಾಕ್ಯ ಸಾಕು: ಸಾಧಾರಣ ಹೇಳಿಕೆಯಲ್ಲಿ ‘ಡಿಡ್’ ಬಳಸುವುದು ಆ ಕಾಲದ ರೂಢಿ, ಇಲ್ಲಿ ಅದು ಒತ್ತಿಲ್ಲದ ಜಾಗದಲ್ಲಿದ್ದು ಲಯವನ್ನು ಸರಿದೂಗಿಸುತ್ತದೆ, ‘ಲವ್’ ಪದಕ್ಕೆ ಒತ್ತು ಸಿಗುವಂತೆ ಮಾಡುತ್ತದೆ. ರಂಗದ ಮೇಲೆ ನಟನೊಬ್ಬ ‘ಡಿಡ್’ ಅನ್ನೇ ಒತ್ತಿ ಹೇಳಿದರೆ ಅದು ಅವನ ಆಯ್ಕೆ, ವ್ಯಾಕರಣದ ಒತ್ತಾಯವಲ್ಲ.

ಪ್ರಶ್ನೆ: ಶೇಕ್ಸ್‌ಪಿಯರ್ ಒಂದು ಕಡೆ ‘ವಾಟ್ ಸೇ ಯೂ’ ಎಂದು ‘ಡೂ’ ಇಲ್ಲದೆ ಕೇಳುತ್ತಾನೆ, ಇನ್ನೊಂದು ಕಡೆ ನಮ್ಮ ಹಾಗೆಯೇ ‘ಡೂ ಯೂ’ ಎನ್ನುತ್ತಾನೆ. ಯಾವುದು ಸರಿ, ಯಾವುದು ಅವನ ನಿಜವಾದ ಭಾಷೆ?
— ನಿವೃತ್ತ ಬ್ಯಾಂಕ್ ನೌಕರರು, ಶಿವಮೊಗ್ಗ

ಉತ್ತರ: ಎರಡೂ ಅವನದೇ. ಎರಡನ್ನೂ ಒಂದೇ ನಾಟಕದ ಮೊದಲ ಅಂಕದಲ್ಲಿ ತೋರಿಸಬಹುದು. ‘ರೋಮಿಯೋ ಅಂಡ್ ಜೂಲಿಯೆಟ್’ ಶುರುವಾಗುವುದು ಎರಡು ಮನೆತನಗಳ ಆಳುಗಳ ಬೀದಿಜಗಳದಿಂದ. ಸ್ಯಾಮ್ಸನ್ ಎಂಬವನು ಎದುರಾಳಿಗಳ ಕಡೆ ನೋಡಿ ಹೆಬ್ಬೆರಳು ಕಚ್ಚುತ್ತಾನೆ, ಆಗ ಅದು ಭಾರಿ ಅವಮಾನದ ಸನ್ನೆ. ಏಬ್ರಮ್ ಕೇಳುತ್ತಾನೆ: ‘ಡೂ ಯೂ ಬೈಟ್ ಯುವರ್ ಥಂಬ್ ಅಟ್ ಅಸ್, ಸರ್?’ ಸ್ಯಾಮ್ಸನ್: ‘ಐ ಡೂ ಬೈಟ್ ಮೈ ಥಂಬ್, ಸರ್.’ ಏಬ್ರಮ್ ಬಿಡದೆ ಮತ್ತೆ ಅದನ್ನೇ ಕೇಳುತ್ತಾನೆ. ಹೌದು ಎಂದರೆ ಕಾನೂನು ನಮ್ಮ ಕಡೆ ಇರುತ್ತದೆಯೇ ಎಂದು ಸ್ಯಾಮ್ಸನ್ ಗೆಳೆಯನನ್ನು ಮೆಲ್ಲಗೆ ವಿಚಾರಿಸುತ್ತಾನೆ. ಇಲ್ಲ ಎಂಬ ಉತ್ತರ ಬಂದದ್ದೇ ವರಸೆ ಬದಲಿಸುತ್ತಾನೆ: ‘ನೋ ಸರ್, ಐ ಡೂ ನಾಟ್ ಬೈಟ್ ಮೈ ಥಂಬ್ ಅಟ್ ಯೂ, ಸರ್, ಬಟ್ ಐ ಬೈಟ್ ಮೈ ಥಂಬ್, ಸರ್.’

ನಿಧಾನವಾಗಿ ನೋಡಿ. ಮೊದಲನೆಯದು ಪ್ರಶ್ನೆಯ ‘ಡೂ’. ಎರಡನೆಯದು ಒತ್ತಿನದು: ‘ಕಚ್ಚುತ್ತಿರುವುದು ಹೌದು’, ಆದರೆ ‘ನಿಮ್ಮನ್ನು ನೋಡಿ’ ಎಂಬುದನ್ನು ನುಂಗಿಬಿಟ್ಟಿದ್ದಾನೆ. ಕೊನೆಯ ಮಾತಿನಲ್ಲಿ ನಿಷೇಧಕ್ಕೆ ‘ಡೂ ನಾಟ್’. ಜಾರಿಕೊಂಡಾದ ಮೇಲೆ ಒತ್ತು ಬೇಡ, ಬರೀ ‘ಐ ಬೈಟ್’. ಈ ನಾಲ್ಕೂ ಇಂದಿನ ವ್ಯಾಕರಣಕ್ಕೆ ಸರಿಯಾಗಿ ಹೊಂದುತ್ತವೆ. ದೃಶ್ಯ ಇರುವುದು ಗದ್ಯದಲ್ಲಿ, ಆಡುವವರು ಆಳುಗಳು. ಬೀದಿಯ ಮಾತು ಆಗಲೇ ಇಂದಿನ ದಾರಿಗೆ ಬಂದಿತ್ತು ಎನ್ನಲು ಇದು ಒಳ್ಳೆಯ ಸಾಕ್ಷಿ.

ಅದೇ ಅಂಕದ 3ನೆಯ ದೃಶ್ಯದಲ್ಲಿ ಜೂಲಿಯೆಟ್‌ಳ ತಾಯಿ ಗಂಡಿನ ವಿಷಯ ಎತ್ತಿ ‘ವಾಟ್ ಸೇ ಯೂ? ಕ್ಯಾನ್ ಯೂ ಲವ್ ದ ಜಂಟಲ್‌ಮನ್?’ ಎನ್ನುತ್ತಾಳೆ. ಇದು ಪದ್ಯ, ದೊಡ್ಡಮನೆಯ ಹೆಂಗಸಿನ ಮಾತು. ‘ವಾಟ್ ಡೂ ಯೂ ಸೇ’ ಎಂದಿದ್ದರೆ ಒಂದು ಸಿಲಬಲ್ ಹೆಚ್ಚಾಗುತ್ತಿತ್ತು.

ಹಳೆಯ ಪದ್ಧತಿ ಸರಳ: ಪ್ರಶ್ನೆಯಾದರೆ ಕ್ರಿಯಾಪದವನ್ನು ಕರ್ತೃವಿನ ಮುಂದಕ್ಕೆ ತರುವುದು, ನಿಷೇಧವಾದರೆ ಕ್ರಿಯಾಪದದ ಬೆನ್ನಿಗೆ ‘ನಾಟ್’ ಕಟ್ಟುವುದು. ‘ಐ ಸ್ಪೀಕ್ ನಾಟ್’, ‘ಲವ್ ಆಲ್ಟರ್ಸ್ ನಾಟ್’. ಇದರ ತೊಡಕು ಕಾಣುವುದು ಕರ್ಮಪದವೂ ಇದ್ದಾಗ. ‘ಸಾ ಯುವರ್ ಬ್ರದರ್ ದ ಕಿಂಗ್?’ ಎಂದರೆ ಕ್ರಿಯಾಪದದ ನಂತರ ಎರಡು ನಾಮಪದ ಸಾಲಾಗಿ ನಿಲ್ಲುತ್ತವೆ. ನೋಡಿದವನು ಯಾರು, ನೋಡಿಸಿಕೊಂಡವನು ಯಾರು? ನಮಗಾದರೆ ವಿಭಕ್ತಿ ಪ್ರತ್ಯಯ ಇದೆ, ‘ಅಣ್ಣ’ ‘ರಾಜನನ್ನು’ ಎಂದು ಎಲ್ಲಿ ಇಟ್ಟರೂ ಗೊಂದಲವಿಲ್ಲ. ಇಂಗ್ಲಿಷು ಆ ಪ್ರತ್ಯಯಗಳನ್ನು ಎಂದೋ ಕಳೆದುಕೊಂಡಿದೆ, ಪದಗಳ ಅನುಕ್ರಮವೇ ಅದಕ್ಕೆ ಆಧಾರ. ‘ಡಿಡ್ ಯುವರ್ ಬ್ರದರ್ ಸೀ ದ ಕಿಂಗ್?’ ಎಂದಾಗ ಕರ್ತೃ, ಕ್ರಿಯೆ, ಕರ್ಮ ಮತ್ತೆ ತಮ್ಮ ಜಾಗಕ್ಕೆ ಬರುತ್ತವೆ. ‘ಡೂ’ ಪ್ರಶ್ನೆಯಲ್ಲಿ ಬೇರೂರಿದ್ದಕ್ಕೆ ವಿದ್ವಾಂಸರು ಕೊಡುವ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಎಲ್ಲ ಕ್ರಿಯಾಪದಗಳೂ ಒಟ್ಟಿಗೆ ಬದಲಾಗಲಿಲ್ಲ. ‘ನೋ’, ‘ಕೇರ್’, ‘ಡೌಟ್’ ಬಹಳ ಕಾಲ ಹಳೆಯ ದಾರಿಯಲ್ಲೇ ನಡೆದವು. ಹ್ಯಾಮ್ಲೆಟ್ ‘ಐ ನೋ ನಾಟ್ ಸೀಮ್ಸ್’ ಎನ್ನುವುದು ಅದಕ್ಕೇ. ‘ಹ್ಯಾವ್’ ಇನ್ನೂ ಹಟಮಾರಿ. ‘ಬಾ ಬಾ ಬ್ಲ್ಯಾಕ್ ಶೀಪ್, ಹ್ಯಾವ್ ಯೂ ಎನಿ ವುಲ್’ ಎಂದು ನಮ್ಮ ಎಲ್‌ಕೆಜಿ ಮಕ್ಕಳು ಇವತ್ತಿಗೂ ‘ಡೂ’ ಇಲ್ಲದ ಪ್ರಶ್ನೆಯನ್ನೇ ಹಾಡುತ್ತಾರೆ. ಭಾಷಣದ ಗತ್ತಿಗೂ ಹಳೆಯ ನಿಷೇಧ ಒದಗುತ್ತದೆ. 1961ರ ಜನವರಿ 20ರಂದು ಕೆನಡಿ ‘ಆಸ್ಕ್ ನಾಟ್ ವಾಟ್ ಯುವರ್ ಕಂಟ್ರಿ ಕ್ಯಾನ್ ಡೂ ಫಾರ್ ಯೂ’ ಎಂದಾಗ, ‘ಡೋಂಟ್ ಆಸ್ಕ್’ ಎಂದಿದ್ದರೆ ಬರದಿದ್ದ ತೂಕ ಬಂತು.

ಪ್ರಶ್ನೆ: ಹಳೆಯ ಇಂಗ್ಲಿಷ್ ಬೈಬಲ್ಲಿನಲ್ಲಿ ‘ಡತ್’, ‘ಡೂಎತ್’, ‘ಡೂಎಸ್ಟ್’ ಎಲ್ಲ ಬರುತ್ತವೆ. ಯಾವುದು ಯಾವಾಗ? ಉಚ್ಚಾರ ಹೇಗೆ?
— ಪ್ರಾರ್ಥನಾಕೂಟದಲ್ಲಿ ವಾಚನ ಮಾಡುವವರು, ಮಂಗಳೂರು

ಉತ್ತರ: 1611ರ ಕಿಂಗ್ ಜೇಮ್ಸ್ ಆವೃತ್ತಿ ತೆರೆದು ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯ ಓದಿ. ‘ಡೂ’ ಕಲಿಯಲು ಇದಕ್ಕಿಂತ ಒಳ್ಳೆಯ ಪುಟ ಸಿಗುವುದು ಕಷ್ಟ.

1ನೆಯ ವಚನವೇ ಒಂದು ಬಲೆ: ‘ಟೇಕ್ ಹೀಡ್ ದಟ್ ಯೀ ಡೂ ನಾಟ್ ಯುವರ್ ಆಮ್ಸ್ ಬಿಫೋರ್ ಮೆನ್’. ‘ಡೂ ನಾಟ್’ ಕಂಡ ಕೂಡಲೇ ನಮ್ಮ ಕಣ್ಣು ಮುಂದಿನ ಕ್ರಿಯಾಪದಕ್ಕೆ ಹುಡುಕುತ್ತದೆ. ಅದು ಬರುವುದೇ ಇಲ್ಲ. ಏಕೆಂದರೆ ಇಲ್ಲಿ ‘ಡೂ’ ಸಹಾಯಕವಲ್ಲ, ಅದೇ ಮುಖ್ಯ ಕ್ರಿಯೆ. ದಾನವನ್ನು ಜನರ ಕಣ್ಣೆದುರು ಮಾಡಬೇಡಿ ಎಂದರ್ಥ. ಗಟ್ಟಿಯಾಗಿ ಓದುವಾಗ ‘ಡೂ ನಾಟ್’ ಆದಮೇಲೆ ತಡೆಯಬೇಡಿ, ‘ಡೂ ನಾಟ್ ಯುವರ್ ಆಮ್ಸ್’ ಒಂದೇ ಉಸಿರಿನಲ್ಲಿ ಹೋಗಲಿ. ತಡೆದರೆ ಕೇಳುವವರಿಗೆ ಏನೋ ಬಿಟ್ಟುಹೋದಂತೆ ಅನಿಸುತ್ತದೆ.

2ನೆಯ ವಚನದಲ್ಲಿ ಮೂರು ಬಗೆಯೂ ಇವೆ. ‘ವೆನ್ ದೌ ಡೂಎಸ್ಟ್ ದೈನ್ ಆಮ್ಸ್’: ಮುಖ್ಯ ಕ್ರಿಯೆ, ನೀನು ಮಾಡುವಾಗ. ‘ಡೂ ನಾಟ್ ಸೌಂಡ್ ಎ ಟ್ರಂಪೆಟ್’: ಸಹಾಯಕ, ಊದಬೇಡ. ‘ಆ್ಯಸ್ ದ ಹಿಪೊಕ್ರಿಟ್ಸ್ ಡೂ’: ಹಿಂದೆ ಬಂದ ಕ್ರಿಯೆಗೆ ಬದಲಿಯಾಗಿ ನಿಂತದ್ದು, ಕಪಟಿಗಳು ಊದುವ ಹಾಗೆ. 3ನೆಯ ವಚನದಲ್ಲಿ ಬಲಗೈ ಮಾಡುವುದು ಎಡಗೈಗೆ ತಿಳಿಯದಿರಲಿ ಎನ್ನುವಲ್ಲಿ ‘ಡೂಎತ್’, ಮುಖ್ಯ ಕ್ರಿಯೆ. 19ರಲ್ಲಿ ನುಸಿ, ತುಕ್ಕು ಹಾಳುಮಾಡುವ ಮಾತು ಬಂದಾಗ ‘ಡತ್ ಕರಪ್ಟ್’, ಸಹಾಯಕ.

ಸೂತ್ರ ಇಷ್ಟೇ: ಮುಖ್ಯ ಕ್ರಿಯೆಯಾದರೆ ಹೆಚ್ಚಾಗಿ ‘ಡೂಎಸ್ಟ್’, ‘ಡೂಎತ್’; ಇನ್ನೊಂದು ಕ್ರಿಯಾಪದಕ್ಕೆ ಆಸರೆಯಾದರೆ ‘ಡಸ್ಟ್’, ‘ಡತ್’. ‘-ಎಸ್ಟ್’ ಇರುವುದು ‘ದೌ’ ಜತೆ, ‘-ಎತ್’ ಇರುವುದು ‘ಹೀ, ಶೀ, ಇಟ್’ ಜತೆ. ಬರವಣಿಗೆ ನೋಡಿ ಮೋಸಹೋಗಬೇಡಿ. ‘ಡಸ್ಟ್’ ಎಂದರೆ ಧೂಳಿನ ಡಸ್ಟ್ ಹೇಗೋ ಹಾಗೇ. ‘ಡತ್’ ಒಂದೇ ಸಿಲಬಲ್, ಸ್ವರ ‘ಡನ್’ನಲ್ಲಿರುವಂಥದ್ದು, ‘ಡೋತ್’ ಎಂದು ಎಳೆಯುವುದು ತಪ್ಪು. ‘ಡೂಎಸ್ಟ್’, ‘ಡೂಎತ್’ ಮಾತ್ರ ಎರಡು ಸಿಲಬಲ್. ನುಸಿ, ತುಕ್ಕು ಎರಡಿದ್ದರೂ ‘ಡತ್’ ಎಂಬ ಏಕವಚನವೇಕೆ ಎಂದು ಕೇಳುವವರಿದ್ದಾರೆ. ಎರಡನ್ನೂ ಸೇರಿಸಿ ಒಂದೇ ಎಂದು ಎಣಿಸುವುದು ಆಗ ಸಾಮಾನ್ಯವಾಗಿತ್ತು, ಮುದ್ರಣದೋಷವಲ್ಲ.

ಇದೇ ಅಧ್ಯಾಯದ 19 ಮತ್ತು 20ನ್ನು ಅಕ್ಕಪಕ್ಕ ಇಡಿ. ಒಂದರಲ್ಲಿ ‘ಲೇ ನಾಟ್ ಅಪ್’, ‘ಡೂ’ ಇಲ್ಲ. ಮುಂದಿನದರಲ್ಲಿ ಕಳ್ಳರು ಕನ್ನ ಹಾಕದ ಕಡೆ ಎನ್ನಲು ‘ಡೂ ನಾಟ್ ಬ್ರೇಕ್ ಥ್ರೂ’. ಕಾಡಿನ ಹೂಗಳ ಪ್ರಸಿದ್ಧ 28ನೆಯ ವಚನದಲ್ಲಂತೂ ಒಂದೇ ವಾಕ್ಯದೊಳಗೆ ಎರಡೂ: ‘ದೇ ಟಾಯ್ಲ್ ನಾಟ್, ನೈದರ್ ಡೂ ದೇ ಸ್ಪಿನ್’. ಅನುವಾದಕರು ಕೈತಪ್ಪಿ ಹೀಗೆ ಬರೆದದ್ದಲ್ಲ. ಆಗ ಎರಡೂ ಸರಿ, ಕಿವಿಗೆ ಹಿತವಾದದ್ದನ್ನು ಆರಿಸಿದ್ದಾರೆ.

ಇನ್ನು ಈ ಬೈಬಲ್ಲಿನಲ್ಲಿ ಮತ್ತೆ ಮತ್ತೆ ಬರುವ ‘ಡಿಡ್ ಈಟ್’. ‘ಈಟ್’ ಎಂಬುದರ ಭೂತಕಾಲವನ್ನೂ ಆಗ ‘ಈಟ್’ ಎಂದೇ ಬರೆಯುವ ರೂಢಿ ಇತ್ತು, ಕಾಲ ತಿಳಿಯುತ್ತಿರಲಿಲ್ಲ. ‘ಡಿಡ್’ ಸೇರಿಸಿದರೆ ಸಂದೇಹ ಹೋಗುತ್ತದೆ.

ಪ್ರಶ್ನೆ: ಕೋಲ್‌ರಿಜ್‌ನ ‘ಕುಬ್ಲಾ ಖಾನ್’ ಮೊದಲ ಸಾಲಿನಲ್ಲೇ ‘ಡಿಡ್’ ಬರುತ್ತದೆ, ಅದರ ಕ್ರಿಯಾಪದ ಎಲ್ಲಿ?
— ಪಿಯುಸಿ ವಿದ್ಯಾರ್ಥಿ, ಕಲಬುರಗಿ

ಉತ್ತರ: ಎರಡನೆಯ ಸಾಲಿನ ತುದಿಯಲ್ಲಿ: ‘ಇನ್ ಝನಡೂ ಡಿಡ್ ಕುಬ್ಲಾ ಖಾನ್ / ಎ ಸ್ಟೇಟ್ಲಿ ಪ್ಲೆಷರ್-ಡೋಮ್ ಡಿಕ್ರೀ’. ‘ಡಿಡ್’ಗೂ ‘ಡಿಕ್ರೀ’ಗೂ ನಡುವೆ ಕರ್ತೃ, ಕರ್ಮ ಎರಡೂ ನುಗ್ಗಿವೆ. ಕನ್ನಡದವರಿಗೆ ಕೊನೆಯಲ್ಲಿ ಕ್ರಿಯಾಪದ ಬರುವುದು ವಿಚಿತ್ರವೇನಲ್ಲ. ಇಂಗ್ಲಿಷಿನಲ್ಲಿ ಹಾಗೆ ಮಾಡಲು ‘ಡಿಡ್’ನ ನೆರವು ಬಹಳ ಅನುಕೂಲ, ಕಾಲದ ಗುರುತು ಮೊದಲೇ ಸಿಕ್ಕಿರುತ್ತದೆ, ಕ್ರಿಯೆ ತಡವಾಗಿ ಬಂದರೂ ನಡೆಯುತ್ತದೆ. ಲಾಭ ಪ್ರಾಸದಲ್ಲಿ: ‘ಡಿಕ್ರೀ’ಗೆ 5ನೆಯ ಸಾಲಿನ ‘ಸೀ’ ಜೋಡಿ. ‘ಡಿಕ್ರೀಡ್’ ಎಂದಿದ್ದರೆ ಆ ಪ್ರಾಸ ಕೂಡುತ್ತಿರಲಿಲ್ಲ. ಈ ಕವಿತೆ 1816ರಲ್ಲಿ ಅಚ್ಚಾದಾಗ ಗದ್ಯದಲ್ಲಿ ಇಂಥ ‘ಡಿಡ್’ ಮರೆಯಾಗಿ ಒಂದು ಶತಮಾನವೇ ಆಗಿತ್ತು. ಪುರಾತನ ವಾಸನೆ ಬರಲಿ ಎಂದೇ ಕವಿ ಬಳಸಿದ್ದಾನೆ.

ಪ್ರಶ್ನೆ: ಹೈಸ್ಕೂಲ್ ಮಕ್ಕಳು ‘ಡಿಡ್ ವೆಂಟ್’, ‘ಡಸ್ ಗೋಸ್’ ಎಂದು ಬರೆಯುವುದನ್ನು ಎಷ್ಟು ತಿದ್ದಿದರೂ ನಿಲ್ಲುತ್ತಿಲ್ಲ. ಇದರ ಜತೆಗೆ ‘ಐ ಡೂ ಲವ್ ಮೈ ಸ್ಕೂಲ್’ ಎಂಬಂಥ ವಾಕ್ಯಗಳು. ಹಳೆಯ ಸಾಹಿತ್ಯದಲ್ಲಿ ಇದೆಯಲ್ಲ ಮೇಡಂ ಅಂತಾರೆ. ಏನು ಹೇಳಲಿ?
— ಇಂಗ್ಲಿಷ್ ಶಿಕ್ಷಕಿ, ಹಾಸನ

ಉತ್ತರ: ಮೊದಲನೆಯದಕ್ಕೆ ಹಳೆಯ ಸಾಹಿತ್ಯವನ್ನೇ ಸಾಕ್ಷಿಗೆ ಕರೆಯಿರಿ. ಆಂಟನಿ ‘ಡಿಡ್ ಲವ್’ ಎಂದ, ‘ಡಿಡ್ ಲವ್ಡ್’ ಎನ್ನಲಿಲ್ಲ. ಬೈಬಲ್ ‘ಡತ್ ಕರಪ್ಟ್’ ಎಂದಿತು, ‘ಡತ್ ಕರಪ್ಟೆತ್’ ಎನ್ನಲಿಲ್ಲ. ಕಾಲ, ವಚನಗಳ ಹೊರೆಯನ್ನು ‘ಡೂ’ ಹೊತ್ತ ಮೇಲೆ ಮುಂದಿನ ಕ್ರಿಯಾಪದ ಬರಿಗೈಯಲ್ಲಿ ಬರಬೇಕು. ಇಷ್ಟು ಶತಮಾನ ಕಳೆದರೂ ಈ ನಿಯಮ ಅಲುಗಿಲ್ಲ. ತಿದ್ದುವಾಗ ‘ವೆಂಟ್’ ಹೊಡೆದು ‘ಗೋ’ ಬರೆಯುವುದಷ್ಟೇ ಸಾಲದು. ಮಕ್ಕಳ ಕೈಯಲ್ಲಿ ‘ಡಿಡ್’ ಕೆಳಗೆ ಒಂದು ಗೆರೆ, ಮುಖ್ಯ ಕ್ರಿಯಾಪದದ ಕೆಳಗೆ ಒಂದು ಗೆರೆ ಹಾಕಿಸಿ, ಎರಡರಲ್ಲಿ ಒಂದಕ್ಕೇ ಭೂತಕಾಲ ಎಂದು ಅವರಿಂದಲೇ ಹೇಳಿಸಿ. ಹತ್ತು ವಾಕ್ಯ ಹೇಳಿಕೆಯಿಂದ ಪ್ರಶ್ನೆಗೆ, ಹತ್ತು ವಾಕ್ಯ ಪ್ರಶ್ನೆಯಿಂದ ಹೇಳಿಕೆಗೆ ಬದಲಿಸಲಿ. ಎರಡನೆಯ ದಿಕ್ಕನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ತಪ್ಪು ಉಳಿಯುವುದೂ ಅಲ್ಲೇ. ಇದು ಕೂತ ಮೇಲೆ ‘ಐ ಡೋಂಟ್ ನೋ ವೈ ಡಿಡ್ ಹೀ ಕಮ್’ ಎಂಬುದಕ್ಕೆ ಬನ್ನಿ. ವಾಕ್ಯದೊಳಗೆ ಅಡಗಿದ ಪ್ರಶ್ನೆಗೆ ‘ಡಿಡ್’ ಬೇಡ: ‘ವೈ ಹೀ ಕೇಮ್’.

‘ಐ ಡೂ ಲವ್’ ವಿಷಯಕ್ಕೆ ಬಂದರೆ, ಮಕ್ಕಳು ಹೇಳುವುದರಲ್ಲಿ ಅರ್ಧ ನಿಜವಿದೆ. ಸ್ವೀಡನ್ನಿನ ಆಲ್ವಾರ್ ಎಲ್ಲೆಗೋರ್ಡ್ 1953ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ರಿಯಾಪದದ ಏರಿಳಿತವನ್ನು ಗ್ರಂಥಗಳಿಂದ ಎಣಿಸಿ ತೋರಿಸಿತು. ಒತ್ತಿಲ್ಲದ ಹೇಳಿಕೆಯ ‘ಡೂ’ 16ನೆಯ ಶತಮಾನದಲ್ಲಿ ಏರಿ, 17ನೆಯದರಲ್ಲಿ ಇಳಿದುಹೋಯಿತು. ಅದೇ ವೇಳೆಗೆ ಪ್ರಶ್ನೆಯಲ್ಲೂ ನಿಷೇಧದಲ್ಲೂ ಅದು ಖಾಯಂ ಆಗುತ್ತಾ ಬಂತು. 1711ರಲ್ಲಿ ಅಲೆಕ್ಸಾಂಡರ್ ಪೋಪ್ ಕೆಟ್ಟ ಕವಿಗಳನ್ನು ಗೇಲಿ ಮಾಡುತ್ತಾ ‘ವೈಲ್ ಎಕ್ಸ್‌ಪ್ಲಿಟಿವ್ಸ್ ದೇರ್ ಫೀಬಲ್ ಏಯ್ಡ್ ಡೂ ಜಾಯಿನ್’ ಎಂದು ಬರೆದ. ಭರ್ತಿ ಪದಗಳ ಬಡ ನೆರವನ್ನು ಬೈಯುವ ಸಾಲಿಗೇ ಬೇಕೆಂದೇ ಒಂದು ಭರ್ತಿ ‘ಡೂ’ ತುರುಕಿದ್ದಾನೆ, ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆದರೆ ಮಕ್ಕಳು ನಗುತ್ತಾರೆ. 1755ರ ನಿಘಂಟಿಗೆ ಬರೆದ ವ್ಯಾಕರಣದಲ್ಲಿ ಸ್ಯಾಮ್ಯುಯಲ್ ಜಾನ್ಸನ್ ‘ಐ ಡೂ ಲವ್’ ಎಂಬ ಅನವಶ್ಯಕ ಬಳಕೆ ಕೆಟ್ಟ ಮಾತಿನ ರೀತಿ ಎನಿಸಿಕೊಳ್ಳುತ್ತದೆ ಎಂದು ಷರಾ ಬರೆದ. ಅಲ್ಲಿಂದೀಚೆಗೆ ಒತ್ತು ಬೇಕಾದಾಗ ಮಾತ್ರ. ‘ನಿನಗೆ ಶಾಲೆ ಇಷ್ಟವಿಲ್ಲವಂತೆ’ ಎಂದು ಯಾರಾದರೂ ಅಂದಿದ್ದರೆ ‘ಐ ಡೂ ಲವ್ ಮೈ ಸ್ಕೂಲ್’ ಸರಿ. ಪ್ರಬಂಧದ ಮೊದಲ ವಾಕ್ಯವಾಗಿ ಬಂದರೆ ಹೊಡೆದುಹಾಕಿ.

ಪ್ರಶ್ನೆ: ಅಫಿಡವಿಟ್‌ಗಳಲ್ಲಿ ‘ಡೂ ಹಿಯರ್‌ಬೈ ಸಾಲೆಮ್ನ್‌ಲಿ ಅಫರ್ಮ್’ ಎಂದು ಟೈಪ್ ಮಾಡುತ್ತೇವೆ. ಈ ‘ಡೂ’ ಬಿಟ್ಟರೆ ಅರ್ಥ ಕೆಡುತ್ತದೆಯೇ?
— ನೋಟರಿ ಕಚೇರಿಯ ಟೈಪಿಸ್ಟ್, ತುಮಕೂರು

ಉತ್ತರ: ಅರ್ಥ ಕೆಡುವುದಿಲ್ಲ. ಜಾನ್ಸನ್ ಓಡಿಸಿದ ‘ಡೂ’ ಹೋಗಿ ಸೇರಿಕೊಂಡಿದ್ದು ಕಾನೂನಿನ ಮನೆಯಲ್ಲಿ. 1787ರ ಅಮೆರಿಕದ ಸಂವಿಧಾನದ ಪ್ರಸ್ತಾವನೆಯಲ್ಲಿ ‘ಡೂ ಆರ್ಡೇನ್ ಅಂಡ್ ಎಸ್ಟಾಬ್ಲಿಷ್’ ಇದೆ. ನಮ್ಮ ಸಂವಿಧಾನದ ಪ್ರಸ್ತಾವನೆ ‘ವೀ, ದ ಪೀಪಲ್ ಆಫ್ ಇಂಡಿಯಾ’ ಎಂದು ಶುರುವಾಗಿ, ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವಗಳನ್ನೆಲ್ಲ ದಾಟಿ, 1949ರ ನವೆಂಬರ್ 26ರ ದಿನಾಂಕ ಹೇಳಿ, ಆಮೇಲೆ ‘ಡೂ ಹಿಯರ್‌ಬೈ ಅಡಾಪ್ಟ್, ಎನ್ಯಾಕ್ಟ್’ ಎಂದು ಕ್ರಿಯೆಗೆ ಬರುತ್ತದೆ. ಅಲ್ಲಿ ‘ಡೂ’ ಸುಮ್ಮನೆ ಕೂತಿಲ್ಲ. ಕರ್ತೃ ‘ವೀ’ ಎಲ್ಲೋ ಮೇಲೆ ಉಳಿದಿದೆ, ಮುಖ್ಯ ಕ್ರಿಯೆ ಈಗ ಬರುತ್ತಿದೆ ಎಂದು ಓದುವವನಿಗೆ ಸೂಚನೆ ಕೊಡುತ್ತದೆ. ನಿಮ್ಮ ಅಫಿಡವಿಟ್ಟಿನಲ್ಲೂ ‘ಐ’ ಆದ ಮೇಲೆ ಹೆಸರು, ತಂದೆಯ ಹೆಸರು, ವಯಸ್ಸು, ವಿಳಾಸ ಎಂದು ಮೂರು ಸಾಲು ಹೋಗಿರುತ್ತದಲ್ಲ, ಅಲ್ಲಿಯೂ ಇದೇ ಉಪಯೋಗ.

ತಪ್ಪಾಗುವುದು ಕರ್ತೃ ಬದಲಾದಾಗ. ಇಬ್ಬರು ಸೇರಿ ಮಾಡುವ ಪ್ರಮಾಣಕ್ಕೆ ‘ವೀ … ಡೂ’ ಸರಿ. ‘ದ ಡಿಪೋನೆಂಟ್’ (ಪ್ರಮಾಣ ಮಾಡುವವರು) ಎಂದು ಮೂರನೆಯ ಪುರುಷದಲ್ಲಿ ಬರೆದರೆ ‘ಡಸ್ ಹಿಯರ್‌ಬೈ ಅಫರ್ಮ್’ ಆಗಬೇಕು, ‘ಡಸ್ ಅಫರ್ಮ್ಸ್’ ಅಲ್ಲ. ಹಳೆಯ ಫೈಲನ್ನು ನಕಲು ಮಾಡಿ ಹೆಸರು ಮಾತ್ರ ಬದಲಿಸುವಾಗ ಇದು ಕಣ್ತಪ್ಪುತ್ತದೆ. ಸಂವಿಧಾನದ 3ನೆಯ ಅನುಸೂಚಿಯಲ್ಲಿರುವ ಪ್ರಮಾಣವಚನಗಳಂತೆ ಒಕ್ಕಣೆಯನ್ನು ಕಾನೂನೇ ಗೊತ್ತುಮಾಡಿದ್ದರೆ ಒಂದಕ್ಷರವನ್ನೂ ಮುಟ್ಟಬೇಡಿ.

ಪ್ರಶ್ನೆ: ಡಿಕನ್ಸ್‌ನ ‘ನಿಕೊಲಸ್ ನಿಕಲ್ಬಿ’ಯಲ್ಲಿ ಶಾಲೆಯ ಹೆಸರು ವಿಚಿತ್ರವಾಗಿದೆ. ಅದರಲ್ಲೂ ‘ಡೂ’ ಇದೆಯೆಂದು ಕೇಳಿದೆ, ನಿಜವೇ? ಕಾದಂಬರಿಗಳಲ್ಲಿ ‘ಡೂ’ಗೆ ಬೇರೆ ಅರ್ಥಗಳೂ ಇವೆಯೇ?
— ಓದುಗರು, ದುಬೈ

ಉತ್ತರ: ನಿಜ. ‘ಡೂದಬಾಯ್ಸ್ ಹಾಲ್’, ಅಂದರೆ ‘ಡೂ ದ ಬಾಯ್ಸ್’. ‘ಡೂ’ ಪದಕ್ಕೆ ಆಡುಮಾತಿನಲ್ಲಿ ಟೋಪಿ ಹಾಕು ಎಂಬ ಅರ್ಥವಿದೆ. ಮಕ್ಕಳನ್ನು ಉಪವಾಸ ಕೆಡವಿ ದುಡ್ಡು ಮಾಡುವ ಸ್ಕ್ವಿಯರ್ಸ್‌ನ ವಸತಿಶಾಲೆಯ ಬಂಡವಾಳವನ್ನು ಬೋರ್ಡಿನ ಮೇಲೇ ಬರೆದಿಟ್ಟಿದ್ದಾನೆ ಡಿಕನ್ಸ್. 1838-39ರಲ್ಲಿ ಕಂತುಕಂತಾಗಿ ಬಂದಾಗ ಓದುಗರಿಗೆ ವಿವರಣೆ ಬೇಕಿರಲಿಲ್ಲ.

ಅವನದೇ ‘ಅವರ್ ಮ್ಯೂಚುಯಲ್ ಫ್ರೆಂಡ್’ನಲ್ಲಿ ಬೆಟ್ಟಿ ಹಿಗ್ಡನ್ ಎಂಬ ಮುದುಕಿ, ಪತ್ರಿಕೆ ಗಟ್ಟಿಯಾಗಿ ಓದಿಹೇಳುವ ಹುಡುಗನನ್ನು ‘ಹೀ ಡೂ ದ ಪೊಲೀಸ್ ಇನ್ ಡಿಫರೆಂಟ್ ವಾಯ್ಸಸ್’ ಎಂದು ಹೊಗಳುತ್ತಾಳೆ. ಇಲ್ಲಿ ‘ಡೂ’ ಎಂದರೆ ಅನುಕರಿಸಿ ತೋರಿಸುವುದು: ಪೊಲೀಸ್ ವರದಿಗಳನ್ನು ಬೇರೆ ಬೇರೆ ದನಿಯಲ್ಲಿ ಓದುತ್ತಾನೆ. ‘ಡಸ್’ ಬರಬೇಕಾದ ಕಡೆ ‘ಡೂ’ ಬಂದಿರುವುದು ಬಡ ಜನರ ಆಡುನುಡಿಯ ಗುರುತು, ಅದನ್ನು ತಿದ್ದಿ ಉಲ್ಲೇಖಿಸಬೇಡಿ.

ಜೇನ್ ಆಸ್ಟಿನ್‌ಳಲ್ಲಿ ‘ಸಾಕು’ ಎಂಬ ಅರ್ಥ. ‘ಪ್ರೈಡ್ ಅಂಡ್ ಪ್ರೆಜುಡಿಸ್’ನ 18ನೆಯ ಅಧ್ಯಾಯದಲ್ಲಿ ಮೇರಿ ಸಭೆಯ ಮುಂದೆ ಹಾಡುತ್ತಲೇ ಇರುವಾಗ ಅಪ್ಪ ‘ದಟ್ ವಿಲ್ ಡೂ ಎಕ್ಸ್‌ಟ್ರೀಮ್ಲಿ ವೆಲ್, ಚೈಲ್ಡ್’ ಎನ್ನುತ್ತಾನೆ. ಹೊಗಳಿಕೆಯ ಬಟ್ಟೆ ತೊಟ್ಟ ‘ಸಾಕು ನಿಲ್ಲಿಸಮ್ಮ’. ಮುಂದಿನ ವಾಕ್ಯದಲ್ಲಿ ಇಷ್ಟು ಹೊತ್ತು ನಮ್ಮನ್ನು ರಂಜಿಸಿದ್ದು ಸಾಕು ಎಂದು ಬಿಡಿಸಿಯೇ ಹೇಳುತ್ತಾನೆ. ‘ವೆಲ್’ ಕಂಡು ‘ಚೆನ್ನಾಗಿ ಮಾಡುತ್ತಾಳೆ’ ಎಂದು ಅರ್ಥ ಮಾಡಿದರೆ ಇಡೀ ದೃಶ್ಯದ ವ್ಯಂಗ್ಯ ಕೈಬಿಟ್ಟುಹೋಗುತ್ತದೆ.

ಪ್ರಶ್ನೆ: ‘ಡೂ ಆರ್ ಡೈ’ ಟೆನಿಸನ್‌ನ ಸಾಲೇ?
— ಕ್ವಿಜ್ ನಡೆಸುವವರು, ಮೈಸೂರು

ಉತ್ತರ: ಅಲ್ಲ. 1854ರ ‘ದ ಚಾರ್ಜ್ ಆಫ್ ದ ಲೈಟ್ ಬ್ರಿಗೇಡ್’ನಲ್ಲಿ ಟೆನಿಸನ್ ಬರೆದದ್ದು ‘ದೇರ್ಸ್ ಬಟ್ ಟು ಡೂ ಅಂಡ್ ಡೈ’. ‘ಆರ್’ ಅಲ್ಲ, ‘ಅಂಡ್’. ತಪ್ಪು ಆಜ್ಞೆ ಎಂದು ಗೊತ್ತಿದ್ದೂ ಮುನ್ನುಗ್ಗಿದ ಸವಾರರಿಗೆ ಮಾಡು ಇಲ್ಲವೇ ಮಡಿ ಎಂಬ ಆಯ್ಕೆ ಇರಲಿಲ್ಲ, ಮಾಡಿ ಮಡಿಯುವುದಷ್ಟೇ ಇತ್ತು. ‘ಲೆಟ್ ಅಸ್ ಡೂ ಆರ್ ಡೈ’ ಬರುವುದು ಸ್ಕಾಟ್ಲೆಂಡಿನ ರಾಬರ್ಟ್ ಬರ್ನ್ಸ್ 1793ರಲ್ಲಿ ರಚಿಸಿದ ‘ಸ್ಕಾಟ್ಸ್ ವಾ ಹೇ’ ಹಾಡಿನ ಕೊನೆಯ ಸಾಲಿನಲ್ಲಿ. ಕ್ವಿಜ್ಜಿನಲ್ಲಿ ಯಾರಾದರೂ ಟೆನಿಸನ್ ಎಂದರೆ ಅಂಕ ಕೊಡಬೇಡಿ.